ತವಕ್ಕುಲ್‌ನ ಹೆಸರಿನಲ್ಲಿ ಬೇಜವಾಬ್ದಾರಿತನ

ಕೋವಿಡ್ ಕಾಲದಲ್ಲಿ ಮಾಸ್ಕ್ ಮತ್ತು ಲಸಿಕೆಯ ನಿಯಮಗಳು ಬಂದಾಗ ನಮ್ಮವರಲ್ಲಿ ಕೆಲವರು ಹೇಳಿದ ಮಾತೊಂದಿದೆ: ‘ಮರಣದ ಗಳಿಗೆಯನ್ನು ಅಲ್ಲಾಹನು ನಿಶ್ಚಯಿಸಿರುವಾಗ ಒಂದು ತುಂಡು ಬಟ್ಟೆ, ಒಂದು ಸೂಜಿ ಏನು ಮಾಡೀತು?’ ಕೇಳಲು ಇದು ದೃಢವಿಶ್ವಾಸದಂತಿದೆ. ವಾಸ್ತವದಲ್ಲಿ ಇದು ಹೊಣೆಗಾರಿಕೆಯಿಂದ ಜಾರಿಕೊಳ್ಳುವ ಉಪಾಯ.

ಖಲೀಫಾ ಉಮರ್(ರ) ಸಿರಿಯಾದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿರುವ ಸುದ್ದಿ ತಿಳಿಯಿತು. ಅವರು ಸಮಾಲೋಚಿಸಿ ಮರಳಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಸಾಗುತ್ತಿರುವುದಾಗಿ ಉಮರ್(ರ) ತಿಳಿಸಿದರು. ರೋಗವಿರುವ ನಾಡಿಗೆ ಹೋಗಬಾರದು, ರೋಗವಿರುವ ನಾಡಿನಿಂದ ಓಡಬಾರದು ಎಂಬ ಪ್ರವಾದಿವರ್ಯರ(ಸ) ಆದೇಶವೂ ಅಲ್ಲಿಯೇ ಅವರ ಗಮನಕ್ಕೆ ಬಂತು. ಉಮರ್‌ರಿಗಿಂತ(ರ) ಹೆಚ್ಚಿನ ತವಕ್ಕುಲ್ ತನಗಿದೆಯೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಹಜ್ಜ್ ಯಾತ್ರೆಗೆ ಹೊರಡುವವರು ಮೆನಿಂಜೈಟಿಸ್ ಲಸಿಕೆಯನ್ನು ಕಡ್ಡಾಯವಾಗಿ ಪಡೆಯುತ್ತಾರೆ. ಅದು ಈಮಾನಿನ ಕೊರತೆಯೆಂದು ಯಾರೂ ಹೇಳುವುದಿಲ್ಲ. ಕಅಬಾದ ಬಳಿಗೆ ಹೋಗಲು ಚುಚ್ಚಿಸಿಕೊಳ್ಳುವ ತೋಳು, ನೆರೆಯವನ ರಕ್ಷಣೆಗಾಗಿ ಮಾತ್ರ ಹಿಂಜರಿಯುವುದೇಕೆ?

ನಮ್ಮ ಸಂಶಯಕ್ಕೆ ಕಾರಣವೇ ಇರಲಿಲ್ಲವೆಂದು ಹೇಳಲಾಗದು. 2020ರಲ್ಲಿ ತಬ್ಲೀಗ್ ಜಮಾಅತ್‌ನ ಹೆಸರಿನಲ್ಲಿ ಇಡೀ ಸಮುದಾಯವನ್ನು ರೋಗ ಹರಡುವವರೆಂದು ಚಿತ್ರಿಸಲಾಯಿತು. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ಜಮಾಅತ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಗೊಳಿಸಿ, ಅವರನ್ನು ಬಲಿಪಶುಗಳನ್ನಾಗಿಸಲಾಯಿತೆಂದು ಅಭಿಪ್ರಾಯಪಟ್ಟಿತು. ಆದರೆ ಅಪಪ್ರಚಾರ ಮಾಡಿದವರ ಮೇಲಿನ ಸಿಟ್ಟನ್ನು ಲಸಿಕೆಯ ಮೇಲೆ ತೀರಿಸಿಕೊಂಡರೆ ನಷ್ಟ ಅವರಿಗಲ್ಲ, ನಮ್ಮ ಮನೆಯ ವೃದ್ಧರಿಗೆ.

ಆಡಳಿತಕ್ಕೂ ಒಂದು ಮಾತಿದೆ. ದಂಡದ ರಸೀದಿಯಿಂದ ವಿಶ್ವಾಸ ಹುಟ್ಟುವುದಿಲ್ಲ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಸ್ಪಷ್ಟಪಡಿಸಿತು. ಅದೇ ತೀರ್ಪಿನಲ್ಲಿ ಸರಕಾರದ ಲಸಿಕಾ ನೀತಿಯನ್ನು ಎತ್ತಿಹಿಡಿಯಿತು. ಸಮುದಾಯದ ಆರೋಗ್ಯಕ್ಕಾಗಿ ಸಮಂಜಸವಾದ ನಿರ್ಬಂಧಗಳನ್ನು ಹೇರಬಹುದೆಂದೂ ಹೇಳಿತು. ನಿರಾಕರಿಸುವವರು ತೀರ್ಪಿನ ಅರ್ಧಭಾಗವನ್ನಷ್ಟೇ ಓದಬಾರದು.

ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕರು, ಹಳಿಯಾಳದ ಸಿದ್ದಿಗಳು, ಜೊಯಿಡಾ ಕಾಡಿನಂಚಿನ ಕುಣಬಿಗಳು, ಮುಂಡಗೋಡದ ಟಿಬೆಟನ್ನರು, ಎಲ್ಲರೂ ನಮ್ಮ ನೆರೆಯವರು. ಒಂದೇ ಸಂತೆ, ಒಂದೇ ಬಸ್ಸು ನಮ್ಮನ್ನು ಸೇರಿಸುತ್ತದೆ. ರೋಗ ಉಲ್ಬಣಿಸಿದರೆ ಹುಬ್ಬಳ್ಳಿಗೋ ಬೆಳಗಾವಿಗೋ ಕಾರವಾರಕ್ಕೋ ಓಡಬೇಕಾದ ನಾಡಿದು. ಜೊಯಿಡಾದ ಒಳಹಳ್ಳಿಯ ಬಡವನಿಗೆ ಆ ದಾರಿಯೇ ಪ್ರಾಣಾಂತಕವಾಗಬಹುದು. ನಮ್ಮ ಉದಾಸೀನದ ಬೆಲೆಯನ್ನು ಅವನು ತೆರುವಂತಾದರೆ, ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ನಾವು.

ಒಂಟೆಯನ್ನು ಮೊದಲು ಕಟ್ಟಿ, ಬಳಿಕ ಅಲ್ಲಾಹನಲ್ಲಿ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ನಮ್ಮ ಮಿಂಬರ್‌ಗಳಿಂದ ಈ ಪಾಠ ಕೇಳಿಬರಲಿ. ಹಗ್ಗವನ್ನು ಕೈಬಿಟ್ಟು ಕುಳಿತು, ಅದನ್ನೇ ತವಕ್ಕುಲ್ ಎಂದು ಕರೆಯುವುದನ್ನು ನಿಲ್ಲಿಸೋಣ.