ದೃಢೀಕರಣದ ಬಾಯಿಪಾಠ

ಹರೆಯದವರನ್ನು ಸಭೆಯ ಪೂರ್ಣ ಸದಸ್ಯರಾಗಿ ಸ್ವೀಕರಿಸುವ ಮುನ್ನ ಅನೇಕ ಕ್ರೈಸ್ತ ಸಭೆಗಳು ದೃಢೀಕರಣ ತರಗತಿ ನಡೆಸುತ್ತವೆ. ಮಕ್ಕಳು ಹತ್ತು ಆಜ್ಞೆಗಳನ್ನೂ ವಿಶ್ವಾಸ ಪ್ರಮಾಣವನ್ನೂ ತಡವರಿಸದೆ ಒಪ್ಪಿಸುತ್ತಾರೆ. ಹೆತ್ತವರ ಕಣ್ಣು ತುಂಬುತ್ತದೆ. ಮರುವರ್ಷ ಅದೇ ಮಕ್ಕಳನ್ನು ಕೇಳಿ ನೋಡುವ ಧೈರ್ಯ ಮಾತ್ರ ನಮ್ಮಲ್ಲಿಲ್ಲ. ಹೊರನಾಡಿನ ಕನ್ನಡ ಕ್ರೈಸ್ತರಾದ ನಮ್ಮ ಸ್ಥಿತಿ ಇನ್ನೂ ಶೋಚನೀಯ. ಶಾಲೆಯಲ್ಲಿ ಇಂಗ್ಲಿಷನ್ನೂ ಬೀದಿಯಲ್ಲಿ ಹಿಂದಿಯನ್ನೂ ಆಡುವ ಮಕ್ಕಳಿಂದ ಹಳೆಯ ಬೈಬಲ್ ಕನ್ನಡವನ್ನು ಉರುಹೊಡೆಸಿ, ಭಾಷೆಯೂ ಧರ್ಮವೂ ಒಟ್ಟಿಗೆ ಉಳಿದವೆಂದು ನೆಮ್ಮದಿ ತಾಳುತ್ತೇವೆ.

ಮರೆವಿನ ವೇಗವನ್ನು ಅಳೆಯಲು ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿದ್ದ. 1885ರಲ್ಲಿ ಅವನು ಪ್ರಕಟಿಸಿದ ಫಲಿತಾಂಶದಂತೆ ಬಹುಪಾಲು ಒಂದೇ ದಿನದಲ್ಲಿ ಜಾರಿಹೋಗುತ್ತದೆ. ನಮ್ಮ ಮಕ್ಕಳಿಗೆ ಪ್ರಾರ್ಥನೆಯ ಸಾಲುಗಳೂ ಅಂಥವೇ ಅಕ್ಷರಪುಂಜಗಳಾಗಿವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ಬಳಿಕ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆದು ಬರೆದವರು ಅವರನ್ನು ಹಿಂದಿಕ್ಕಿದರು. ನಮ್ಮ ತರಗತಿಗಳು ಇಂದಿಗೂ ಆ ಐದು ನಿಮಿಷಕ್ಕಾಗಿಯೇ ದುಡಿಯುತ್ತಿವೆ.

ಪ್ರಶ್ನೋತ್ತರವೇ ಹಳತಾಯಿತು ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಲೂಥರ್ 1529ರ ಕಿರು ಪ್ರಶ್ನೋತ್ತರದಲ್ಲಿ ಪ್ರತಿ ಆಜ್ಞೆಯ ಬೆನ್ನಿಗೂ ಅದರ ಅರ್ಥವನ್ನು ಕೇಳಿದ. ಕಲಿಸುವ ಹೊಣೆಯನ್ನು ಮನೆಯ ಯಜಮಾನನಿಗೆ ವಹಿಸಿದ. ನಾವು ಉತ್ತರಗಳನ್ನು ಇಟ್ಟುಕೊಂಡು ಹೊಣೆಯನ್ನು ಸಂಡೇ ಸ್ಕೂಲಿಗೆ ದಾಟಿಸಿದೆವು. ಇನ್ನು ಗಿಟಾರು, ಶಿಬಿರ, ಸ್ಲೈಡುಗಳ ಪಕ್ಷದವರು: ಒಂದು ಮಗು ಕಣ್ಣಿನಿಂದ ಕಲಿಯುತ್ತದೆ, ಇನ್ನೊಂದು ಕಿವಿಯಿಂದ ಎನ್ನುವುದು ಅವರ ವಾದ. ಹಾಗೆ ವಿಂಗಡಿಸಿ ಕಲಿಸಬೇಕೆನ್ನಲು ತಕ್ಕ ಆಧಾರವಿಲ್ಲವೆಂದು ಪ್ಯಾಶ್ಲರ್ ಮತ್ತು ಸಂಗಡಿಗರ ಸಮೀಕ್ಷೆ 2008ರಲ್ಲೇ ಹೇಳಿದೆ. (ಗಿಟಾರಿನ ಮೇಲೆ ನಮಗೆ ಹಗೆಯಿಲ್ಲ.)

ವಿಶ್ವಾಸವೇನು ಪರೀಕ್ಷೆಯೇ ಎಂದು ಹಿರಿಯರು ಗದರಬಹುದು. ವಿಜ್ಞಾನ ವಿಶ್ವಾಸವನ್ನು ಹುಟ್ಟಿಸದು, ನಿಜ. ಆದರೆ ನೆರೆಯವನು ಯಾರೆಂದು ಕೇಳಿದ ಧರ್ಮೋಪದೇಶಕನಿಗೆ ಯೇಸು ವ್ಯಾಖ್ಯೆಯನ್ನು ಬರೆಸಲಿಲ್ಲ. ಸಮಾರ್ಯದವನ ಕಥೆ ಹೇಳಿ, ಮೂವರಲ್ಲಿ ನೆರೆಯವನಾದವನು ಯಾರೆಂದು ತಿರುಗಿ ಕೇಳಿದ. ಉತ್ತರ ಕೇಳಿದವನ ಬಾಯಿಂದಲೇ ಬಂತು. ಹದಿನಾಲ್ಕರ ಹುಡುಗಿಗೆ ನಾವು ಅಷ್ಟು ಗೌರವವನ್ನೂ ಕೊಡುತ್ತಿಲ್ಲ.

ಕೆಲವೇ ವಾರಗಳ ತರಗತಿಯನ್ನು ಎರಡು ವರ್ಷಕ್ಕೆ ಹರಡಿರಿ. ಪ್ರತಿ ಭಾನುವಾರ ಹೊಸ ಪಾಠಕ್ಕೆ ಮೊದಲು ಹಿಂದಿನ ತಿಂಗಳ ಪಾಠವನ್ನು ಪುಸ್ತಕ ಮುಚ್ಚಿಸಿ ಕೇಳಿರಿ. ಮಗು ಮೊದಲು ಹಿಂದಿಯಲ್ಲೇ ಹೇಳಲಿ, ಬಳಿಕ ತನ್ನದೇ ಕನ್ನಡದಲ್ಲಿ. ದೃಢೀಕರಣವಾಗಿ ಆರು ತಿಂಗಳ ಮೇಲೆ ಮತ್ತೊಮ್ಮೆ ಕೇಳಿರಿ; ಅಂದು ಸಭಾಪಾಲಕರೂ ಹಿರಿಯರೂ ಅದೇ ಪ್ರಶ್ನೆಗಳಿಗೆ ಪುಸ್ತಕ ಮುಚ್ಚಿಯೇ ಉತ್ತರಿಸಲಿ.