ಒಂದು ರಾತ್ರಿಯಲ್ಲಿ ಒಂದು ವೇಷ

ನಾಳೆ ಬೆಳಿಗ್ಗೆ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆಯಿದೆಯೆಂಬ ಸಂಗತಿಯು ಬಹಳಷ್ಟು ಮನೆಗಳಲ್ಲಿ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೇ ತಿಳಿಯುವುದು. ಚೀಟಿಯು ಪಾಟೀಚೀಲದ ತಳದಲ್ಲಿ ಮುದುಡಿಕೊಂಡಿರುತ್ತದೆ. ಇಲ್ಲವೇ ವಾಟ್ಸ್‌ಆಪ್‌ನಲ್ಲಿ ಬಂದ ಸೂಚನೆಯನ್ನು ಯಾರೂ ಗಮನಿಸಿರುವುದಿಲ್ಲ. ಕೂಡಲೇ ವೇಷಭೂಷಣಗಳನ್ನು ಬಾಡಿಗೆಗೆ ಕೊಡುವ ಅಂಗಡಿಗೆ ಓಟ. ಅಲ್ಲಿ ಬಾಡಿಗೆಯ ಮೇಲೊಂದು ಠೇವಣಿ, ಅಳತೆಗೆ ಹೊಂದದ ಜರಿಯಂಗಿ, ಎಳೆಯ ಚರ್ಮಕ್ಕೆ ತುರಿಕೆ ತರುವ ಅಂಟುಗಡ್ಡ. ರಾಜ್ಯೋತ್ಸವ ಹಾಗೂ ನವೆಂಬರ್ 14ರ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಂತೂ ಅದೂ ದೊರೆಯದು.

ಸದ್ಭಕ್ತ ಮನೆತನಗಳ ತಾಯಂದಿರಿಗೆ ನಾವು ಹೇಳಬಯಸುವುದು ಇಷ್ಟೆ: ಅಂಗಡಿಗೆ ಹೋಗುವ ಮುನ್ನ ಅಡುಗೆಮನೆಯನ್ನೂ ಹಿತ್ತಿಲನ್ನೂ ಒಮ್ಮೆ ನೋಡಿರಿ. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮಾಡಿದವರು. ಅವರ ಕೈಯಲ್ಲಿದ್ದ ವಸ್ತುಗಳಲ್ಲಿ ಅರ್ಧಕ್ಕರ್ಧ ಈಗಲೂ ನಮ್ಮ ಮನೆಗಳಲ್ಲಿ ಇವೆ.

ವೇಷವೆಂದೊಡನೆ ಎಲ್ಲರಿಗೂ ಮೊದಲು ನೆನಪಾಗುವವರು ಅಣ್ಣ ಬಸವಣ್ಣನವರು. 2024ರ ಜನವರಿಯಲ್ಲಿ ಸರ್ಕಾರವು ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ ಮೇಲೆ ಶಾಲೆಗಳಲ್ಲಿಯೂ ಈ ವೇಷಕ್ಕೆ ಬೇಡಿಕೆ ಹೆಚ್ಚಿದ್ದರೆ ಅಚ್ಚರಿಯಿಲ್ಲ. ಬಾಡಿಗೆಯ ಬಸವಣ್ಣನವರಿಗೆ ಹೊಳೆಯುವ ಕಿರೀಟವಿರುತ್ತದೆ. ಅವರು ಬಿಜ್ಜಳನ ಭಂಡಾರಿಯಾಗಿದ್ದುದು ನಿಜ. ಆದರೂ ಕಾಯಕ ದಾಸೋಹಗಳನ್ನು ಬೋಧಿಸಿದ ಮಹನೀಯರಿಗೆ ಮಿನುಗುಕಾಗದದ ಕಿರೀಟವೇ ಗುರುತಾಗಬೇಕೆ? ತಂದೆಯ ಬಿಳಿಯ ಧೋತರವನ್ನು ಅಡ್ಡಲಾಗಿ ಎರಡು ಮಡಿಕೆ ಮಾಡಿ ಉಡಿಸಿರಿ. ಶಲ್ಯವನ್ನು ಹೆಗಲಿಗೆ ಹೊದಿಸಿ, ತೆಳುವಾದ ಬಿಳಿಯ ಬಟ್ಟೆಯನ್ನು ತಲೆಗೆ ರುಮಾಲಾಗಿ ಸುತ್ತಿರಿ. ಹಣೆಗೆ ವಿಭೂತಿ, ಕೊರಳಿಗೆ ಅಜ್ಜನವರ ರುದ್ರಾಕ್ಷಿ. ಮನೆಗೆ ಬಂದ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಒಂದೂವರೆ ಅಂಗುಲ ಅಗಲದ ಉದ್ದ ಪಟ್ಟಿಗಳಾಗಿ ಕತ್ತರಿಸಿ, ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ನಡುವೆ ರಂಧ್ರ ಮಾಡಿ ದಾರ ಪೋಣಿಸಿದರೆ ವಚನದ ತಾಡೋಲೆಯ ಕಟ್ಟು ಸಿದ್ಧವಾಗುತ್ತದೆ. ಖರ್ಚು ಏನೂ ಇಲ್ಲ.

ಇಷ್ಟಲಿಂಗದ ಬಗ್ಗೆ ಒಂದು ಮಾತು. ದೀಕ್ಷೆಯಾದ ಮಗುವಿನ ಕೊರಳಲ್ಲಿ ಅದು ಇದ್ದೇ ಇರುತ್ತದೆ. ಇಲ್ಲದ ಮಗುವಿಗೆ ಹಿರಿಯರ ಲಿಂಗವನ್ನು ಕಳಚಿ ಕಟ್ಟುವುದಾಗಲಿ, ಮೇಣದ ಉಂಡೆಯನ್ನು ಲಿಂಗವೆಂದು ಅಂಗೈಯಲ್ಲಿರಿಸುವುದಾಗಲಿ ನಮಗೆ ಸರಿಯೆನಿಸದು. ಅದು ಆಟದ ಸಾಮಾನಲ್ಲ. ವಿಭೂತಿ ರುದ್ರಾಕ್ಷಿಗಳೇ ಸಾಕು.

ಕಿತ್ತೂರು ರಾಣಿ ಚೆನ್ನಮ್ಮಾಜಿಯವರ ವೇಷಕ್ಕೆ ಇಳಕಲ್ಲ ಸೀರೆಯ ಕಚ್ಚೆ ಮತ್ತು ಒಂದು ಕತ್ತಿ ಬೇಕು. ರಟ್ಟಿನ ಪೆಟ್ಟಿಗೆಯಿಂದ ಕತ್ತಿಯ ಆಕಾರದ ಎರಡು ತುಂಡು ಕತ್ತರಿಸಿ ಮೈದಾಹಿಟ್ಟಿನ ಅಂಟಿನಿಂದ ಒಂದರ ಮೇಲೊಂದು ಅಂಟಿಸಿರಿ. ರಾತ್ರಿಯೆಲ್ಲ ದಪ್ಪ ಪುಸ್ತಕಗಳ ಕೆಳಗಿಟ್ಟು, ಬೆಳಿಗ್ಗೆ ಬೇಗಡೆ ಸುತ್ತಿದರಾಯಿತು. ತುದಿಯು ದುಂಡಾಗಿರಲಿ, ತಗಡಿನ ಕತ್ತಿ ಬೇಡವೇ ಬೇಡ. 1824ರ ಅಕ್ಟೋಬರಿನಲ್ಲಿ ಬ್ರಿಟಿಷರ ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಬಿದ್ದ ಸಂಗತಿಯನ್ನು ಮಗು ಒಂದು ವಾಕ್ಯದಲ್ಲಿ ಹೇಳಲಿ.

ಆದರೆ ನಮಗೆ ಹೆಚ್ಚು ಪ್ರಿಯವಾದವು ಕಾಯಕದ ವೇಷಗಳೇ. ನುಲಿಯ ಚಂದಯ್ಯನವರನ್ನು ತೆಗೆದುಕೊಳ್ಳಿರಿ. ಅವರದು ಹಗ್ಗ ಹೊಸೆಯುವ ಕಾಯಕ. ಮೊಣಕಾಲಿನವರೆಗೆ ಧೋತರ, ಹೆಗಲಿಗೊಂದು ಟವೆಲ್ಲು, ಕೈಯಲ್ಲಿ ನಾರು. ಇಷ್ಟರಿಂದ ವೇಷ ಮುಗಿಯಿತು. ಪುಂಡಿಯ ನಾರು ದೊರೆಯದಿದ್ದರೆ ಹಳೆಯ ಗೋಣಿಚೀಲದ ಎಳೆಗಳನ್ನು ಬಿಡಿಸಿಕೊಳ್ಳಬಹುದು. ಎಳೆಗಳನ್ನು ಎರಡು ಭಾಗ ಮಾಡಿ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿರಿ. ಎರಡನ್ನೂ ಬಲಕ್ಕೆ ಹುರಿ ಮಾಡಿ, ಆಮೇಲೆ ಜೊತೆಗೂಡಿಸಿ ಎಡಕ್ಕೆ ತಿರುವಿದರೆ ಹಗ್ಗವು ಬಿಚ್ಚದೆ ನಿಲ್ಲುತ್ತದೆ. ಏಳೆಂಟು ವರ್ಷದ ಮಗುವಿಗೆ ಇದು ಹತ್ತು ನಿಮಿಷದ ಪಾಠ. ವೇದಿಕೆಯ ಮೇಲೆ ಅರ್ಧ ಹೊಸೆದ ಹಗ್ಗವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತು ಮಗುವು ಹೊಸೆಯತೊಡಗಿದರೆ ಮಾತು ಮರೆತರೂ ಬಾಧಕವಿಲ್ಲ. ನಡುಗುವ ಕೈಗೆ ಮಾಡಲೊಂದು ಕೆಲಸವಿದ್ದರೆ ಸಭಾಕಂಪವೂ ಎಷ್ಟೋ ಕಡಿಮೆಯಾಗುತ್ತದೆ.

ಹೆಣ್ಣುಮಗುವಿಗೆ ಆಯ್ದಕ್ಕಿ ಲಕ್ಕಮ್ಮ ತಾಯಿಯವರು. ಅಮ್ಮನ ಹತ್ತಿಯ ಸೀರೆಯನ್ನು ಉದ್ದಕ್ಕೆ ಎರಡಾಗಿ ಮಡಿಚಿದರೆ ಅಗಲವು ಅರ್ಧವಾಗಿ ಆರು ವರ್ಷದ ಹುಡುಗಿಯ ಸೊಂಟದಿಂದ ಪಾದದವರೆಗೆ ಸರಿಹೋಗುತ್ತದೆ. ಖಣದ ಕುಪ್ಪಸವಿದ್ದರೆ ಒಳ್ಳೆಯದು. ಕೈಯಲ್ಲಿ ಮೊರ, ಮೊರದಲ್ಲಿ ಒಂದು ಹಿಡಿ ಅಕ್ಕಿ. ಪತಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಅವರನ್ನು ಹಿಂದಕ್ಕೆ ಕಳುಹಿಸಿದ ತಾಯಿ ಇವರು. ಈ ಕಥೆಯನ್ನು ಮಗು ತನ್ನದೇ ಮಾತಿನಲ್ಲಿ ಹೇಳಲಿ. ಬಾಯಿಪಾಠ ಮಾಡಿಸಿದ ಭಾಷಣ ಬೇಡ. ಮೇದರ ಕೇತಯ್ಯನವರಿಗೆ ಬಿದಿರಬುಟ್ಟಿ, ತುರುಗಾಹಿ ರಾಮಣ್ಣನವರಿಗೆ ಕಂಬಳಿ ಮತ್ತು ಕೋಲು, ಮೋಳಿಗೆ ಮಾರಯ್ಯನವರಿಗೆ ಸೌದೆಯ ಹೊರೆ, ಅಂಬಿಗರ ಚೌಡಯ್ಯನವರಿಗೆ ಉದ್ದ ಕೋಲಿನ ತುದಿಗೆ ರಟ್ಟು ಕಟ್ಟಿದ ಹುಟ್ಟು.

ಸಮಗಾರ ಹರಳಯ್ಯನವರ ಮಾತು ಬಂದಾಗ ಕೆಲವು ಮನೆಗಳಲ್ಲಿ ಮೌನ ಆವರಿಸುತ್ತದೆ. ನಮ್ಮ ಮಗುವಿನ ಕೈಗೆ ಚಪ್ಪಲಿ ಕೊಟ್ಟು ವೇದಿಕೆಗೆ ಕಳುಹಿಸುವುದೇ ಎಂದು ಹಿರಿಯರು ಹಿಂಜರಿಯುತ್ತಾರೆ. ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದಾಗ ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂಬ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಕಣ್ಣೀರಿಟ್ಟು ಕೇಳಿದವರೂ ಇದೇ ಹಿರಿಯರೇ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂದು ನಮ್ಮ ಪರಂಪರೆಯು ಹೇಳುತ್ತದೆ. ಅಂಥವರ ಪಾತ್ರವು ನಮ್ಮ ಮಗುವಿಗೆ ಕಡಿಮೆಯದೇ? ಕೆಲವೆಡೆ ಈ ಪಾತ್ರವನ್ನು ಅದೇ ಕೇರಿಯ ಮಗುವಿಗೆ ಮೀಸಲಿಟ್ಟು, ಬಸವಣ್ಣನವರ ಪಾತ್ರವನ್ನು ಉಳ್ಳವರ ಮಗುವಿಗೆ ಕೊಡುವುದುಂಟು. ಇದಕ್ಕಿಂತ ಅನ್ಯಾಯ ಬೇರೊಂದಿಲ್ಲವೆಂದು ನಾವು ನಿಷ್ಠುರವಾಗಿ ಹೇಳುತ್ತೇವೆ. ಕೆಂಚುಬಣ್ಣದ ರಟ್ಟಿನಿಂದ ಒಂದು ಜೊತೆ ಪಾದರಕ್ಷೆ ಮಾಡಿ ಮಗುವಿನ ಎರಡೂ ಅಂಗೈಗಳ ಮೇಲಿರಿಸಿರಿ. ಕಾಯಕದವರೆಂದು ತೋರಿಸಲು ಮುಖಕ್ಕೆ ಮಸಿ ಬಳಿಯುವುದು, ಅಂಗಿಯನ್ನು ಹರಿಯುವುದು, ನೋಡುವವರನ್ನು ನಗಿಸಲು ಮಾತನ್ನು ತೊದಲಿಸುವುದು, ಇವು ಯಾವ ಶರಣರ ವೇಷಕ್ಕೂ ಕೂಡದು. ಒಗೆದ ಶುಭ್ರ ಬಟ್ಟೆಯೇ ಇರಲಿ.

ಬಹುಮಾನವು ಬಹುತೇಕ ಜರಿಯಂಗಿಯವರಿಗೇ ಹೋಗುವುದೆಂಬುದನ್ನು ಮಗುವಿಗೆ ರಾತ್ರಿಯೇ ಮೆಲ್ಲಗೆ ತಿಳಿಸಿಡುವುದು ಒಳ್ಳೆಯದು. ತೀರ್ಪುಗಾರರ ಕಣ್ಣು ಮಿನುಗಿನ ಕಡೆಗೆ ಬೇಗ ಹೊರಳುತ್ತದೆ.

ಇನ್ನು ಬೆಳಗಿನ ವಿಷಯ. ಉಪಾಹಾರವಾದ ಮೇಲೆಯೇ ವೇಷ ಹಾಕಿರಿ. ಒಳಗೆ ಶಾಲೆಯ ಅಂಗಿ ಚಡ್ಡಿ ಇರಲಿ. ಸೀರೆ ಧೋತರಗಳನ್ನು ಸೊಂಟದಲ್ಲಿ ಮಗುವು ತಾನೇ ಬಿಚ್ಚಿಕೊಳ್ಳುವಂತೆ ಒಂದೇ ಗಂಟಿನಿಂದ ಕಟ್ಟಿರಿ, ಬಚ್ಚಲಿಗೆ ಹೋಗುವಾಗ ಅಳು ಬರಬಾರದು. ಪಿನ್ನುಗಳ ಮೊನೆ ಮೈಕಡೆಗೆ ಇರಬಾರದು. ಎಲ್ಲವನ್ನೂ ತುಂಬಿ ತರಲು ಒಂದು ಬಟ್ಟೆಯ ಚೀಲ ಕೊಟ್ಟು, ಮೊರವನ್ನು ಮರೆತು ಬರಬಾರದೆಂದು ಎರಡು ಸಲ ಹೇಳಿರಿ; ಸಂಜೆಯ ಅಕ್ಕಿ ಹಸನು ಮಾಡಲು ಅದೇ ಮೊರ ಬೇಕಲ್ಲವೆ.