ನಿರಾಕರಣೆಗೆ ಹೊಣೆ ಯಾರು?

ಮೃಗಶಿರೆಯ ಮಳೆ ಬಿದ್ದು ನೆಲ ಹದವಾದ ದಿನ ಕೂಡ್ಲಿಗಿ ಸೀಮೆಯ ರೈತನಿಗೆ ಬೀಜವೂ ಗೊಬ್ಬರವೂ ಅಂದೇ ಬೇಕು. ನಾಳೆ ಎಂದರೆ ಹದ ತಪ್ಪುತ್ತದೆ. ಅವನು ಪೇಟೆಗೆ ಬಂದು ಮೆಕ್ಕೆಜೋಳದ ಬೀಜದ ಚೀಲಗಳನ್ನು ತೆಗೆಸಿ, ಬ್ಯಾಂಕಿನವರು ಕೊಟ್ಟ ಕ್ರೆಡಿಟ್ ಕಾರ್ಡನ್ನು ಅಂಗಡಿಯವನ ಮುಂದಿಡುತ್ತಾನೆ. ಯಂತ್ರವು ಎರಡು ಕ್ಷಣ ಸುಮ್ಮನಿದ್ದು ‘ಡಿಕ್ಲೈನ್ಡ್’ ಎಂಬ ಒಂದೇ ಮಾತನ್ನು ತೋರಿಸುತ್ತದೆ. ಸಾಲದ ಮಿತಿ ತೀರಿಲ್ಲ, ಕಂತು ಬಾಕಿಯಿಲ್ಲ, ಗುಪ್ತಸಂಖ್ಯೆ ತಪ್ಪಿಲ್ಲ. ಆದರೂ ಹಣ ಸಲ್ಲದು. ಏಕೆಂದು ಅಂಗಡಿಯವನು ಅರಿಯ, ರೈತನು ಅರಿಯ, ಯಂತ್ರವು ಹೇಳದು. ಹಿಂದೆ ನಿಂತ ನಾಲ್ವರು ಮಾತ್ರ ‘ಇವನ ಕಾರ್ಡಿನಲ್ಲಿ ಏನೋ ಗೋಲ್‌ಮಾಲು’ ಎಂದು ತಿಳಿದು ಮುಖ ತಿರುಗಿಸುತ್ತಾರೆ. ಹೀಗೆ ಪ್ರಾಮಾಣಿಕನೊಬ್ಬನು ನಡುಪೇಟೆಯಲ್ಲಿ ಅಪರಾಧಿಯಂತೆ ನಿಲ್ಲಬೇಕಾಗುವ ಪ್ರಸಂಗಗಳು ನಾಡಿನಲ್ಲಿ ಅಪರೂಪವಾಗಿ ಉಳಿದಿಲ್ಲ. ವಂಚನೆಯನ್ನು ತಡೆಯಲೆಂದು ಬ್ಯಾಂಕುಗಳು ಇಟ್ಟಿರುವ ಕಾವಲೇ ಇದಕ್ಕೆ ಕಾರಣವಾಗುತ್ತಿರುವುದರಿಂದ ಆ ವಿಷಯವನ್ನು ಇಂದು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಕಾವಲು ಬೇಡವೆಂದು ನಾವು ಹೇಳುವುದಿಲ್ಲ. 2024ನೆಯ ಒಂದೇ ವರ್ಷದಲ್ಲಿ ಭಾರತದ ಪ್ರಜೆಗಳು ಸೈಬರ್ ವಂಚಕರ ಪಾಲು ಮಾಡಿದ ಹಣ 22,845 ಕೋಟಿ ರೂಪಾಯಿಗಳಿಗೂ ಮಿಕ್ಕಿದ್ದೆಂದೂ, ಅದರ ಹಿಂದಿನ ವರ್ಷ ಅದು 7,465 ಕೋಟಿಯಷ್ಟಿತ್ತೆಂದೂ ಕೇಂದ್ರದ ಗೃಹಖಾತೆಯೇ ಪಾರ್ಲಿಮೆಂಟಿಗೆ ತಿಳಿಸಿದೆ. ಒಂದೇ ವರ್ಷದಲ್ಲಿ ಮೂರು ಪಟ್ಟಾದ ಈ ಲೂಟಿಯನ್ನು ಕಂಡೂ ಬ್ಯಾಂಕುಗಳು ಕೈಕಟ್ಟಿ ಕುಳಿತಿದ್ದರೆ ಅವುಗಳನ್ನು ಖಂಡಿಸುವವರಲ್ಲಿ ನಾವೇ ಮೊದಲಿಗರಾಗುತ್ತಿದ್ದೆವು. ಆದರೆ ಕಳ್ಳನನ್ನು ಹಿಡಿಯಲು ನಿಂತ ಕಾವಲುಗಾರನು ಮನೆಯ ಯಜಮಾನನನ್ನೇ ಹೊಸಿಲಲ್ಲಿ ತಡೆದು, ಕಾರಣವನ್ನೂ ಹೇಳದೆ ನಿಲ್ಲಿಸಿಕೊಂಡರೆ ಅದನ್ನು ದಕ್ಷತೆಯೆಂದು ಕರೆಯಲು ಬಾರದು.

ಈ ಕಾವಲಿನ ರೀತಿಯನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಕಾರ್ಡನ್ನು ತಾಗಿಸಿದೊಡನೆ ಅದನ್ನು ಕೊಟ್ಟ ಬ್ಯಾಂಕಿನ ಗಣಕಯಂತ್ರವು ಹಣದ ಮೊತ್ತ, ಊರು, ವೇಳೆ, ಅಂಗಡಿಯ ಬಗೆ, ಹಿಂದಿನ ಖರ್ಚಿನ ರೂಢಿ ಇವೆಲ್ಲವನ್ನೂ ತೂಗಿ ಅನುಮಾನದ ಒಂದು ಅಂಕಿಯನ್ನು ಕಟ್ಟುತ್ತದೆ. ಅಂಕಿಯು ಗೊತ್ತಾದ ಮಿತಿಯನ್ನು ಮೀರಿದರೆ ನಿರಾಕರಣೆ. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಂದು ಲಕ್ಷ ವ್ಯವಹಾರಗಳಲ್ಲಿ ಹತ್ತು ಮಾತ್ರ ಕಳ್ಳ ವ್ಯವಹಾರಗಳೆಂದೂ, ಯಂತ್ರವು ಹತ್ತರಲ್ಲಿ ಒಂಬತ್ತನ್ನು ಹಿಡಿಯುವಷ್ಟು ಜಾಣವೆಂದೂ, ಸಾಚಾ ವ್ಯವಹಾರಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ತಡೆಯುತ್ತದೆಂದೂ ಇಟ್ಟುಕೊಳ್ಳೋಣ. ಕೇಳುವುದಕ್ಕೆ ಇದು ಬಹಳ ಒಳ್ಳೆಯ ಯಂತ್ರವೇ. ಆದರೆ ಹಿಡಿದ ಕಳ್ಳತನ ಒಂಬತ್ತು. ತಡೆದ ಸಾಚಾ ವ್ಯವಹಾರ ಸುಮಾರು ಒಂದು ಸಾವಿರ! ಕಳ್ಳರು ವಿರಳರಾಗಿಯೂ ಸಜ್ಜನರು ಅಸಂಖ್ಯರಾಗಿಯೂ ಇರುವ ಸಮಾಜದಲ್ಲಿ ಎಂಥ ಯಂತ್ರವನ್ನಿಟ್ಟರೂ ಅನುಮಾನದ ಹೊರೆ ಬೀಳುವುದು ಹೆಚ್ಚಾಗಿ ಸಜ್ಜನರ ಮೇಲೆಯೇ. ಆದಕಾರಣ ತಪ್ಪನ್ನು ತಿದ್ದುವ ಏರ್ಪಾಡು ಕಾವಲಿನ ಒಂದು ಅಂಗವಾಗಿಯೇ ಇರತಕ್ಕದ್ದು. ಅದಿಲ್ಲದ ಕಾವಲು ಅರ್ಧ ಕಾವಲು.

ಇದರ ಪೆಟ್ಟು ನಮ್ಮ ಕಡೆಗೆ ಏಕೆ ಹೆಚ್ಚೆಂಬುದನ್ನೂ ಹೇಳಬೇಕು. ಯಂತ್ರಕ್ಕೆ ‘ರೂಢಿ’ ಎಂದರೆ ತಿಂಗಳ ಮೊದಲಲ್ಲಿ ಸಂಬಳ, ವಾರಕ್ಕೊಮ್ಮೆ ದಿನಸಿ ಎಂಬ ಪಟ್ಟಣವಾಸಿಯ ಬಾಳು ಚೆನ್ನಾಗಿ ಹೊಂದುತ್ತದೆ. ನಮ್ಮ ರೈತನು ಆರು ತಿಂಗಳು ಕಾರ್ಡನ್ನು ಮುಟ್ಟುವುದಿಲ್ಲ. ಬಿತ್ತನೆಯ ವಾರದಲ್ಲಿ ಒಮ್ಮೆಲೇ ದೊಡ್ಡ ಮೊತ್ತ ತೆಗೆಯುತ್ತಾನೆ. 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡಿನ ಯೋಜನೆ ಹುಟ್ಟಿದ್ದೇ ಈ ಹಂಗಾಮಿನ ಅಗತ್ಯಕ್ಕಾಗಿ. ಕೂಡ್ಲಿಗಿ, ಹರಪನಹಳ್ಳಿಗಳ ಕೂಲಿಕಾರರು ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಇಂದು ಅಲ್ಲಿ ಹಣ ತೆಗೆದವರು ನಾಳೆ ಹಬ್ಬಕ್ಕೆ ಊರಲ್ಲಿರುತ್ತಾರೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಅದನ್ನು ಮಾರುವವರಿಗೆ ಹತ್ತು ಇಪ್ಪತ್ತು ರೂಪಾಯಿಗಳು ನೂರು ಅಪರಿಚಿತರ ಕೈಯಿಂದ ಬರುತ್ತವೆ. ಕೊಟ್ಟೂರೇಶ್ವರನ ತೇರಿನ ದಿನವೂ ಮೈಲಾರದ ಕಾರ್ಣಿಕದ ದಿನವೂ ಬೆಂಡು-ಬತ್ತಾಸಿನ ಅಂಗಡಿಯವನ ಖಾತೆಗೆ ವರ್ಷವಿಡೀ ಬಾರದಷ್ಟು ಹಣ ಒಂದೇ ಹಗಲಲ್ಲಿ ಬೀಳುತ್ತದೆ. ಇವೆಲ್ಲ ನಮ್ಮ ಸೀಮೆಯ ನಿತ್ಯದ ನಡೆ. ಪಟ್ಟಣದ ಅಳತೆಗೋಲಿನಿಂದ ನೋಡುವ ಯಂತ್ರಕ್ಕೆ ಇವೆಲ್ಲವೂ ವಂಚನೆಯ ಲಕ್ಷಣಗಳಾಗಿ ಕಾಣಬಲ್ಲವು. ಬಡವನ ಋತುಮಾನವೇ ಅವನ ಮೇಲೆ ಸಾಕ್ಷಿ ಹೇಳುವಂತಾದರೆ ಇದಕ್ಕಿಂತ ವಿಪರೀತವೇನಿದೆ?

ಕಾರ್ಡಿನ ನಿರಾಕರಣೆ ಒಂದು ದಿನದ ಅವಮಾನ. ಖಾತೆಯ ಸ್ತಂಭನವಾದರೋ ತಿಂಗಳುಗಟ್ಟಲೆಯ ಉಪವಾಸ. ಮೋಸಹೋದವನೊಬ್ಬನು 1930ಕ್ಕೆ ಫೋನು ಮಾಡಿದರೆ ಅವನ ಹಣ ಹರಿದುಹೋದ ದಾರಿಯನ್ನು ಖಾತೆಯಿಂದ ಖಾತೆಗೆ ಹಿಂಬಾಲಿಸಿ ತಡೆಹಾಕುತ್ತಾರೆ. ಇದು ಉತ್ತಮವಾದ ಕ್ರಮ. ಎಷ್ಟೋ ಜನರ ಹಣ ಇದರಿಂದ ಉಳಿದಿದೆ. ಆದರೆ ಕಳ್ಳನು ಅದೇ ಹಣದಲ್ಲಿ ಚಹಾ ಕುಡಿದರೆ ಚಹಾ ಮಾರಿದವನ ಖಾತೆಯೂ ಆ ಸರಪಳಿಯ ಒಂದು ಕೊಂಡಿಯಾಗುತ್ತದೆ. ದೆಹಲಿಯಲ್ಲಿ ಛೋಲೆ-ಭಟೂರೆ ಮಾರುವ ಒಬ್ಬ ಸಣ್ಣ ವ್ಯಾಪಾರಿಯ ಖಾತೆಗೆ 105 ರೂಪಾಯಿ ಬಂದುದರ ನಿಮಿತ್ತವಾಗಿ ಇಡೀ ಖಾತೆಯೇ ಸ್ತಂಭಿಸಿತು; 2024ರಲ್ಲಿ ಅವನು ಉಚ್ಚ ನ್ಯಾಯಾಲಯದ ಬಾಗಿಲು ಬಡಿಯಬೇಕಾಯಿತು. ತಡೆಯುವುದಾದರೆ ವಿವಾದಕ್ಕೆ ಒಳಗಾದ ಮೊತ್ತವನ್ನಷ್ಟೇ ತಡೆಯಬೇಕೆಂದು ಕೇರಳದ ಉಚ್ಚ ನ್ಯಾಯಾಲಯವು 2023ರಲ್ಲಿಯೇ ಹೇಳಿತ್ತು. ದೆಹಲಿಯ ವ್ಯಾಪಾರಿಗೆ ನ್ಯಾಯಾಲಯ ಹತ್ತಿರವಿತ್ತು. ಹಗರಿಬೊಮ್ಮನಹಳ್ಳಿಯ ತರಕಾರಿಯವನಿಗೆ ಅಂಥ ಗತಿ ಬಂದರೆ ಅವನು ಧಾರವಾಡದ ಪೀಠಕ್ಕೆ ಹೋಗಿ ರಿಟ್ ಅರ್ಜಿ ಹಾಕಬಲ್ಲನೇ? ವಕೀಲರ ಶುಲ್ಕವೇ ಅವನ ಖಾತೆಯ ಮೊತ್ತವನ್ನು ಮೀರುವುದಿಲ್ಲವೇ?

ನಾವು ಕೇಳುತ್ತಿರುವುದು ಹೊಸ ತತ್ತ್ವವೇನೂ ಅಲ್ಲ. ಗಿರಾಕಿಯ ಹಣ ಸಾಕಷ್ಟು ಇದ್ದೂ ಬ್ಯಾಂಕು ಅವನ ಚೆಕ್ಕಿಗೆ ಹಣ ಸಲ್ಲಿಸದಿದ್ದರೆ ಅದರಿಂದಾದ ನಷ್ಟವನ್ನು ಬ್ಯಾಂಕೇ ತುಂಬಿಕೊಡಬೇಕೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 31ನೆಯ ಕಲಮು ವಿಧಿಸಿದೆ. ಪರರಾಜ್ಯದ ಕಾಲದಲ್ಲಿ ಹುಟ್ಟಿದ ಆ ಕಾಯಿದೆಯು ಗಿರಾಕಿಯ ಮಾನಕ್ಕೆ ಕೊಟ್ಟ ಬೆಲೆಯನ್ನು ಸ್ವರಾಜ್ಯದಲ್ಲಿ ನಡೆಯುವ ಯಂತ್ರಗಳು ಕೊಡಲಾರವೆಂದರೆ ಅದು ನಮಗೆ ಗೌರವದ ಮಾತಲ್ಲ. ಹುಂಡಿಯನ್ನು ಒಲ್ಲೆನೆಂದ ಸಾಹುಕಾರನು ಕೊನೆಗೆ ಎದುರಿಗೆ ಕುಳಿತಾದರೂ ಒಲ್ಲೆನೆನ್ನುತ್ತಿದ್ದನು. ಈಗ ಒಲ್ಲೆನೆನ್ನುವವನು ಯಾರೆಂಬುದೇ ತಿಳಿಯದಾಗಿದೆ.

ರಿಸರ್ವ್ ಬ್ಯಾಂಕು ಈ ದಿಕ್ಕಿನಲ್ಲಿ ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ನಿರ್ದೋಷಿ ಗಿರಾಕಿಗೆ ಹೊಣೆಯಿಲ್ಲವೆಂದು ಅದು 2017ರಲ್ಲಿ ವಿಧಿಸಿತು. ಹಣ ಕಡಿತವಾಗಿ ವ್ಯವಹಾರ ಮುಗಿಯದಿದ್ದಲ್ಲಿ, ಗೊತ್ತಾದ ಅವಧಿ ಮೀರಿದ ಮೇಲೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು 2019ರಲ್ಲಿ ಗೊತ್ತುಮಾಡಿತು. ಏಕೀಕೃತ ಒಂಬುಡ್ಸ್‌ಮನ್ ಯೋಜನೆಯನ್ನು 2021ರಲ್ಲಿ ತಂದಿತು. ಆದರೆ ಹಣ ಕಡಿತವೇ ಆಗದೆ, ಬರಿಯ ಅನುಮಾನದಿಂದ ವ್ಯವಹಾರವೇ ನಿಂತುಹೋದರೆ ಆ ದಿನಕ್ಕೆ 100 ರೂಪಾಯಿಯ ನಿಯಮವು ರೈತನ ನೆರವಿಗೆ ಬರುವುದಿಲ್ಲ. ಅವನ ಹದ ತಪ್ಪಿದ ಬಿತ್ತನೆಗೆ ಯಾವ ಪುಸ್ತಕದಲ್ಲಿಯೂ ಲೆಕ್ಕವಿಲ್ಲ.

ಭಾಷೆಯ ಮಾತನ್ನೂ ಇಲ್ಲಿ ಬಿಡಲಾಗದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರ ವರೆಗೆ ಮದರಾಸಿನ ಆಡಳಿತದಲ್ಲಿದ್ದವು. ದೂರದ ಕಚೇರಿಗೆ, ತನ್ನದಲ್ಲದ ನುಡಿಯಲ್ಲಿ ಅಹವಾಲು ಹೇಳಿಕೊಳ್ಳುವ ಕಷ್ಟವನ್ನು ಈ ನೆಲ ಬಲ್ಲದು. ಕರ್ನಾಟಕ ಒಂದಾಯಿತು; 2021ರಲ್ಲಿ ವಿಜಯನಗರ ಜಿಲ್ಲೆಯೂ ಆಯಿತು; ಹೊಸಪೇಟೆಯೇ ಜಿಲ್ಲೆಯ ಕೇಂದ್ರವಾಯಿತು. ಕಚೇರಿಗಳು ಹತ್ತಿರ ಬಂದುವು. ಬ್ಯಾಂಕಿನ ತೀರ್ಪು ಮಾತ್ರ ಮದರಾಸಿಗಿಂತಲೂ ದೂರ ಹೋಯಿತು. ಬ್ಯಾಂಕಿನ ಮುದ್ರಿತ ನಮೂನೆಗಳು ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕೆಂಬ ನಿಯಮವುಂಟು. ನಮೂನೆಗೆ ಸಲ್ಲುವ ಕನ್ನಡ, ನಿರಾಕರಣೆಯ ಹೊತ್ತಿಗೆ ಏಕೆ ಸಲ್ಲಬಾರದು?

ಕಾರಣ ಹೇಳಿದರೆ ಕಳ್ಳರಿಗೆ ಉಪಾಯ ಕಲಿಸಿದಂತಾಗುತ್ತದೆಂದು ಬ್ಯಾಂಕಿನವರು ಹೇಳುತ್ತಾರೆ. ಈ ವಾದದಲ್ಲಿ ತಕ್ಕಮಟ್ಟಿನ ಹುರುಳಿದೆ. ಯಂತ್ರದ ಒಳಗುಟ್ಟನ್ನು ಬೀದಿಯಲ್ಲಿ ಸಾರಬೇಕೆಂದು ನಾವೂ ಕೇಳುವುದಿಲ್ಲ. ಆದರೆ ಮೌನದಿಂದಲೂ ಕಳ್ಳನಿಗೇ ಲಾಭವೆಂಬುದನ್ನು ಅವರು ಮರೆತಿದ್ದಾರೆ. ‘ನಿಮ್ಮ ಕಾರ್ಡು ನಿಂತಿದೆ, ಬಿಡಿಸಿಕೊಡುತ್ತೇವೆ, ಬಂದ ಓಟಿಪಿಯನ್ನು ಹೇಳಿ’ ಎಂದು ವಂಚಕನು ಫೋನಿನಲ್ಲಿ ಸವಿಮಾತಾಡಿದಾಗ, ನಿಜವಾಗಿಯೂ ಕಾರ್ಡು ನಿಂತು ಕಂಗಾಲಾದವನೇ ಮೊದಲು ನಂಬುತ್ತಾನೆ. ಬ್ಯಾಂಕು ಮಾತಾಡದ ಕಡೆ ಕಳ್ಳನು ಮಾತಾಡುತ್ತಾನೆ.

ಆದುದರಿಂದ ನಮ್ಮ ಕೋರಿಕೆ ಇಷ್ಟು. ಅನುಮಾನ ಬಂದೊಡನೆ ‘ಈ ವ್ಯವಹಾರ ನಿಮ್ಮದೇ ಹೌದೇ?’ ಎಂದು ಗಿರಾಕಿಯನ್ನು ಕನ್ನಡದಲ್ಲಿ ಕೇಳಿ, ಹೌದೆಂದು ಖಾತ್ರಿಯಾದರೆ ಅಲ್ಲಿಯೇ ಅನುಮತಿ ಕೊಡುವ ಏರ್ಪಾಡು ಎಲ್ಲ ಬ್ಯಾಂಕುಗಳಿಗೂ ಕಡ್ಡಾಯವಾಗಲಿ. ಗುರುತು ತೋರಿಸಿ ಶಾಖೆಗೆ ಬಂದವನಿಗೆ ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೊಡುವ, ತಪ್ಪಿದ್ದರೆ ಅಂದೇ ತಡೆಯನ್ನು ತೆಗೆಯಿಸುವ ಅಧಿಕಾರವು ತಾಲೂಕಿನ ಮ್ಯಾನೇಜರರಿಗೆ ಇರಲಿ. ಖಾತೆಯ ತಡೆಯು ವಿವಾದದ ಮೊತ್ತವನ್ನು ಮೀರದಿರಲಿ. ಅದಕ್ಕೊಂದು ಕೊನೆಯ ದಿನವಿರಲಿ. ಚೆಕ್ಕಿನ ಗಿರಾಕಿಗೆ 1881ರಿಂದ ಇರುವ ರಕ್ಷಣೆಯು ಕಾರ್ಡಿನವನಿಗೂ ದೊರೆಯಲಿ. ಪ್ರತಿಯೊಂದು ಬ್ಯಾಂಕೂ ತಾನು ತಪ್ಪಾಗಿ ತಡೆದ ವ್ಯವಹಾರಗಳೆಷ್ಟೆಂದು ಜಿಲ್ಲಾವಾರು ಪ್ರಕಟಿಸಲಿ. ತಪ್ಪನ್ನು ಎಣಿಸದವನು ತಪ್ಪನ್ನು ತಿದ್ದಲಾರನು.

ವಾಚಕರೂ ತಮ್ಮ ಪಾಲಿನ ಕರ್ತವ್ಯವನ್ನು ಮಾಡತಕ್ಕದ್ದು. ಹೊಸ ಕಾರ್ಡಿನಲ್ಲಿ ಆನ್‌ಲೈನ್ ಹಾಗೂ ವಿದೇಶದ ವ್ಯವಹಾರಗಳನ್ನು ಗಿರಾಕಿಯೇ ತೆರೆಯಿಸಿಕೊಳ್ಳಬೇಕೆಂಬ ನಿಯಮ 2020ರಿಂದ ಇದೆ. ಅದನ್ನು ಅರಿಯದೆಯೂ ನಿರಾಕರಣೆಗಳಾಗುತ್ತವೆ. ಬ್ಯಾಂಕಿನಲ್ಲಿರುವ ಫೋನ್ ಸಂಖ್ಯೆ ಈಗಿನದೇ ಹೌದೋ ಎಂದು ನೋಡಿಕೊಳ್ಳಿರಿ. ಕಾರಣವಿಲ್ಲದೆ ತಡೆದರೆ ಸುಮ್ಮನೆ ಹಿಂದಿರುಗದೆ ಲಿಖಿತ ದೂರು ಕೊಟ್ಟು ರಸೀದಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಒಂಬುಡ್ಸ್‌ಮನ್ನರಿಗೆ ಬರೆಯಿರಿ. ಓಟಿಪಿಯನ್ನು ಮಾತ್ರ ಯಾರಿಗೂ ಹೇಳಬೇಡಿರಿ.

ಬ್ಯಾಂಕು ನಡೆಯುವುದು ನಂಬಿಕೆಯ ಮೇಲೆ. ಗಿರಾಕಿಯು ತನ್ನ ಬೆವರಿನ ಹಣವನ್ನು ಬ್ಯಾಂಕಿನ ಮೇಲೆ ನಂಬಿಕೆಯಿಟ್ಟು ಒಪ್ಪಿಸುತ್ತಾನೆ. ಬ್ಯಾಂಕು ಅವನನ್ನು ಅನುಮಾನಿಸಬೇಕಾಗಿ ಬಂದಾಗ ಅವನ ಮುಖ ನೋಡಿ, ಅವನ ನುಡಿಯಲ್ಲಿ ಕಾರಣ ಹೇಳುವಷ್ಟಾದರೂ ಮರ್ಯಾದೆಯನ್ನು ತೋರಿಸಬೇಕು. ಮಳೆ ಯಾರಿಗಾಗಿಯೂ ಕಾಯುವುದಿಲ್ಲ. ಮುಂದಿನ ಬಿತ್ತನೆಯ ಹೊತ್ತಿಗೆ ಇಷ್ಟಾದರೂ ನಡೆಯಲೇಬೇಕು.